ಮಾತ್ರೆಯ ಜೊತೆ ತಟ್ಟೆಯೂ ಸರಿಯಾಗಲಿ: ರುಮಟಾಯ್ಡ್ ಸಂಧಿವಾತಕ್ಕೆ ಹನ್ನೆರಡು ವಾರಗಳ ಹೆಜ್ಜೆಗಳು

ಕೈಬೆರಳ ಗೆಣ್ಣುಗಳು ಊದಿಕೊಂಡು, ರಕ್ತಪರೀಕ್ಷೆಯಲ್ಲಿ ರುಮಟಾಯ್ಡ್ ಸಂಧಿವಾತ ಎಂದು ಖಚಿತವಾಯಿತು ಎನ್ನಿ. ಡಾಕ್ಟರು ಬರೆದ ಮಾತ್ರೆ ಮೆಡಿಕಲ್ ಸ್ಟೋರಿನಿಂದ ಮನೆಗೆ ಬರುವಷ್ಟರಲ್ಲಿ ಪಥ್ಯದ ಪಟ್ಟಿಯೂ ತಯಾರಾಗಿರುತ್ತದೆ. ಆಲೂಗಡ್ಡೆ ವಾಯು, ಕಡಲೆಬೇಳೆ ವಾಯು, ಅವರೆಕಾಳು ಅಲಸಂದೆ ಮುಟ್ಟುವಂತಿಲ್ಲ, ಬದನೆಕಾಯಿ ನಂಜು, ಮೊಸರು ಶೀತ, ಹುಣಸೆಹುಳಿ ಅಂತೂ ಬೇಡವೇ ಬೇಡ. ಪಕ್ಕದ ಮನೆಯವರು ಒಂದೆರಡು ಸೇರಿಸುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಇನ್ನೂ ನಾಲ್ಕು ಬರುತ್ತವೆ. ಇದನ್ನೆಲ್ಲ ಪಾಲಿಸಿದ ಮೇಲೆ ತಟ್ಟೆಯಲ್ಲಿ ಉಳಿಯುವುದೇನು? ಬಿಳಿ ಅನ್ನ, ತಿಳಿಸಾರು, ರವೆ ಗಂಜಿ, ಬ್ರೆಡ್ಡು, ಜೊತೆಗೆ ಸಕ್ಕರೆ ಹಾಕಿದ ಕಾಫಿ.

ಈ ಕಾಯಿಲೆ ಸ್ನಾಯುಗಳನ್ನು ಕರಗಿಸುತ್ತದೆ, ಹೃದಯದ ಕಾಯಿಲೆಯ ಅಪಾಯವನ್ನು ಸುಮಾರು ಒಂದೂವರೆ ಪಟ್ಟು ಹೆಚ್ಚಿಸುತ್ತದೆ, ನೋವಿಗೆ ಕೊಡುವ ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಇಂಥ ಹೊತ್ತಿನಲ್ಲಿ ಬೇಳೆಕಾಳು ಬಿಟ್ಟು ಬರೀ ಅನ್ನ-ಗಂಜಿಗೆ ಇಳಿಯುವುದು ರೋಗಿಗೆ ನಾವೇ ಮಾಡುವ ಅನ್ಯಾಯ. ಬಹಳ ಮನೆಗಳಲ್ಲಿ ಪ್ರೀತಿಯಿಂದಲೇ ನಡೆಯುವ ಈ ಅನ್ಯಾಯವನ್ನು ತಡೆಯಬೇಕೆಂಬುದೇ ಈ ಲೇಖನದ ಉದ್ದೇಶ. ಊಟ, ನಡಿಗೆ, ನಿದ್ದೆ ಯಾವುದೂ ಔಷಧಿಯ ಜಾಗಕ್ಕೆ ಬರುವುದಿಲ್ಲ. ಆದರೆ ಸೊಂಟದ ಸುತ್ತಳತೆ, ಸಕ್ಕರೆ, ರಕ್ತದೊತ್ತಡ, ಸ್ನಾಯುಬಲ ಸರಿಯಿದ್ದ ದೇಹದಲ್ಲಿ ಅದೇ ಔಷಧಿ ಹೆಚ್ಚು ಕೆಲಸ ಮಾಡುತ್ತದೆ.

ಸೊಂಟದ ಕೊಬ್ಬಿಗೂ ಬೆರಳಿನ ಊತಕ್ಕೂ ಏನು ನಂಟು?

ರುಮಟಾಯ್ಡ್ ಸಂಧಿವಾತ ವಯಸ್ಸಾಗಿ ಕೀಲು ಸವೆಯುವ ತೊಂದರೆಯಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಕೀಲಿನಲ್ಲಿ ಉರಿಯೂತ ಎಬ್ಬಿಸುವ ರಾಸಾಯನಿಕಗಳಲ್ಲಿ ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-6 ಮುಖ್ಯವಾದವು. ಈ ಕಾಯಿಲೆಗೆ ಕೊಡುವ ದುಬಾರಿ ಬಯೋಲಾಜಿಕ್ ಇಂಜೆಕ್ಷನ್‌ಗಳಲ್ಲಿ ಹಲವು ಇವೆರಡರಲ್ಲೊಂದನ್ನು ತಡೆಯಲೆಂದೇ ಇರುವಂಥವು.

ಬೊಜ್ಜು ಬಂದ ಇಲಿಗಳ ಕೊಬ್ಬಿನ ಅಂಗಾಂಶವೇ ಟಿಎನ್‌ಎಫ್ ತಯಾರಿಸುತ್ತದೆ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂಬುದನ್ನು 1993ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಮನುಷ್ಯರಲ್ಲೂ ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಹೀಗಿರುವಾಗ ಬರೀ ಇಂಜೆಕ್ಷನ್ ನಂಬಿ ಕೂರುವುದು, ಉರಿಯುವ ಒಲೆಗೆ ಒಂದು ಕಡೆ ನೀರು ಚಿಮುಕಿಸುತ್ತ ಇನ್ನೊಂದು ಕಡೆಯಿಂದ ಸೌದೆ ಒಟ್ಟಿದಂತೆ. ಬೊಜ್ಜು ಇರುವ ರೋಗಿಗಳಲ್ಲಿ ಕಾಯಿಲೆ ಪೂರ್ತಿ ಹತೋಟಿಗೆ ಬರುವ ಸಾಧ್ಯತೆ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ನಂಟು ಎರಡೂ ದಿಕ್ಕಿನದು. ಉರಿಯೂತ ಹೆಚ್ಚಾದಷ್ಟೂ ದೇಹ ಇನ್ಸುಲಿನ್ ಮಾತು ಕೇಳುವುದಿಲ್ಲ, ನೋವಿದ್ದಷ್ಟೂ ಓಡಾಟ ಕುಗ್ಗುತ್ತದೆ, ಓಡಾಟ ಕುಗ್ಗಿದಷ್ಟೂ ಸೊಂಟ ಹಿಗ್ಗುತ್ತದೆ.

ಈ ವರ್ತುಲವನ್ನು ಊಟ ಮತ್ತು ಜೀವನಶೈಲಿಯಿಂದ ಮುರಿಯಬಹುದೇ ಎಂದು ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ‘ಪ್ಲಾಂಟ್ಸ್ ಫಾರ್ ಜಾಯಿಂಟ್ಸ್’ ಎಂಬ ಪ್ರಯೋಗ ನಡೆಯಿತು. 2023ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹದಿನಾರು ವಾರ ಸಂಸ್ಕರಿಸದ ಸಸ್ಯಾಹಾರ, ವ್ಯಾಯಾಮ, ನಿದ್ದೆ, ಒತ್ತಡ ನಿಭಾಯಿಸುವ ತರಬೇತಿ. ಪ್ರಯೋಗ ಮುಗಿಸಿದವರು ಎರಡೂ ಗುಂಪು ಸೇರಿ 77 ರೋಗಿಗಳು. ಊತ-ನೋವಿರುವ ಕೀಲುಗಳ ಲೆಕ್ಕ ಮತ್ತು ರಕ್ತಪರೀಕ್ಷೆ ಸೇರಿಸಿ ಹಾಕುವ ಡಿಎಎಸ್-28 ಎಂಬ ಅಂಕ, ಎಂದಿನ ಚಿಕಿತ್ಸೆಯಷ್ಟೇ ಪಡೆದವರಿಗಿಂತ ಈ ಕ್ರಮ ಪಾಲಿಸಿದವರಲ್ಲಿ ಸುಮಾರು 0.9ರಷ್ಟು ಹೆಚ್ಚು ಇಳಿಯಿತು. ತೂಕ, ದೇಹದ ಕೊಬ್ಬು, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೆಟ್ಟ ಕೊಲೆಸ್ಟರಾಲ್ ಎಲ್ಲವೂ ಇಳಿದವು. ಪ್ರಯೋಗ ಚಿಕ್ಕದು, ಇದರಲ್ಲಿ ಊಟದ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಆದರೂ ಕೀಲು ಮತ್ತು ಸಕ್ಕರೆ ಒಟ್ಟೊಟ್ಟಿಗೇ ಸುಧಾರಿಸಿದ್ದನ್ನು ನಾನು ಬಹಳ ಮುಖ್ಯ ಎಂದುಕೊಳ್ಳುತ್ತೇನೆ.

ಹೆಜ್ಜೆ 1: ಪಥ್ಯಕ್ಕೆ ಮೊದಲು ರೋಗ ಖಚಿತವಾಗಲಿ

ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದ ಬಿಗಿತ ಅರ್ಧ-ಮುಕ್ಕಾಲು ಗಂಟೆ ದಾಟುತ್ತಿದೆಯೇ? ಎರಡೂ ಕೈಗಳ ಸಣ್ಣ ಕೀಲುಗಳು ಊದಿ ವಾರಗಟ್ಟಲೆ ಇಳಿಯುತ್ತಿಲ್ಲವೇ? ರುಮಟಾಲಜಿಸ್ಟ್ ಬಳಿ ಹೋಗಿ. ಊತ ಶುರುವಾಗಿ ಆರು ವಾರದೊಳಗೆ ತಜ್ಞರನ್ನು ಕಾಣಬೇಕು, ಮೂರು ತಿಂಗಳೊಳಗೆ ಔಷಧಿ ಶುರುವಾಗಬೇಕು ಎನ್ನುವುದು ಯುರೋಪಿನ ತಜ್ಞರ ಒಕ್ಕೂಟದ ಸಲಹೆ. ಆರ್‌ಎ ಫ್ಯಾಕ್ಟರ್, ಆ್ಯಂಟಿ-ಸಿಸಿಪಿ, ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆಗಳು ಮಾಮೂಲು. ಮೂಳೆ ಒಮ್ಮೆ ತಿಂದುಹೋದರೆ ಯಾವ ಸೊಪ್ಪು, ಯಾವ ಕಷಾಯವೂ ಅದನ್ನು ಮರಳಿ ತಂದುಕೊಡುವುದಿಲ್ಲ. ಮೊದಲು ಪಥ್ಯ ಮಾಡಿ ನೋಡೋಣ, ಆಮೇಲೆ ಡಾಕ್ಟರು ಎನ್ನುವ ಆರು ತಿಂಗಳೇ ಅತ್ಯಂತ ಬೆಲೆಬಾಳುವ ಆರು ತಿಂಗಳು.

ಕೀಲುನೋವೆಲ್ಲ ಒಂದೇ ಎಂದುಕೊಂಡರೆ ಪಥ್ಯವೂ ಅದಲುಬದಲಾಗುತ್ತದೆ. ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಗೌಟ್ ಕಾಯಿಲೆಗೆ ಹೇಳುವ ಪಥ್ಯವನ್ನು ರುಮಟಾಯ್ಡ್ ರೋಗಿಯ ಮೇಲೆ ಹೇರುವುದನ್ನು ಎಷ್ಟೋ ಕಡೆ ಕಾಣಬಹುದು. ಚಿಕೂನ್‌ಗುನ್ಯಾ ನಂತರ ತಿಂಗಳುಗಟ್ಟಲೆ ಉಳಿಯುವ ಕೀಲೂತ ನೋಡಲು ರುಮಟಾಯ್ಡ್‌ನಂತೆಯೇ ಇರುತ್ತದೆ. 2006ರಲ್ಲಿ ನಮ್ಮ ರಾಜ್ಯದ ಹಳ್ಳಿಹಳ್ಳಿಗಳು ಅದನ್ನು ಅನುಭವಿಸಿವೆ.

ಮೆಥೊಟ್ರೆಕ್ಸೇಟ್ ಮಾತ್ರೆ ಬರೆದಿದ್ದರೆ ಒಂದು ಮಾತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದಿಡಿ: ಅದು ವಾರಕ್ಕೆ ಒಂದೇ ದಿನ. ದಿನವೂ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಫೋಲಿಕ್ ಆಸಿಡ್ ಬೇರೆ ದಿನ, ಡಾಕ್ಟರು ಹೇಳಿದಂತೆ.

ಹೆಜ್ಜೆ 2: ಒಂದು ನೋಟ್‌ಬುಕ್, ಒಂದು ಟೇಪು

ಊಟ ಬದಲಿಸುವ ಮೊದಲು ಈಗ ಎಲ್ಲಿದ್ದೇವೆ ಎಂದು ಬರೆದಿಟ್ಟುಕೊಳ್ಳಬೇಕು. ದರ್ಜಿಯ ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಸುತ್ತಿ, ಉಸಿರು ಬಿಟ್ಟಾಗ ಅಳೆಯಿರಿ. ನಮ್ಮ ದೇಶದವರಿಗೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90 ಸೆಂ.ಮೀ. ದಾಟಿದರೆ ಅಪಾಯದ ಗೆರೆ. ಬಿಎಂಐ 23 ದಾಟಿದರೆ ಹೆಚ್ಚಿನ ತೂಕ, 25 ದಾಟಿದರೆ ಬೊಜ್ಜು. ಬಿಳಿಯರಿಗಿಂತ ನಮಗೆ ಗೆರೆ ಕೆಳಗಿದೆ, ಏಕೆಂದರೆ ತೆಳ್ಳಗೆ ಕಾಣುವ ನಮ್ಮವರಲ್ಲೂ ಹೊಟ್ಟೆಯೊಳಗೆ ಕೊಬ್ಬು ಕೂತಿರುತ್ತದೆ. ರಕ್ತದೊತ್ತಡ 130/85, ಖಾಲಿಹೊಟ್ಟೆಯ ಸಕ್ಕರೆ 100, ಟ್ರೈಗ್ಲಿಸರೈಡ್ 150 ಮುಟ್ಟಿದ್ದರೆ, ಒಳ್ಳೆಯ ಕೊಲೆಸ್ಟರಾಲ್ ಹೆಂಗಸರಲ್ಲಿ 50ಕ್ಕಿಂತ, ಗಂಡಸರಲ್ಲಿ 40ಕ್ಕಿಂತ ಕಡಿಮೆಯಿದ್ದರೆ ಗುರುತು ಹಾಕಿ. ಸೊಂಟವೂ ಸೇರಿ ಈ ಐದರಲ್ಲಿ ಮೂರು ಕೆಟ್ಟಿದ್ದರೆ ಅದನ್ನೇ ಮೆಟಬಾಲಿಕ್ ಸಿಂಡ್ರೋಮ್ ಎನ್ನುವುದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಸಂಧಿವಾತದ ರೋಗಿಗಳೂ ಈ ಜನರೊಳಗೇ ಇದ್ದಾರೆ.

ರಿಪೋರ್ಟು ಓದುವಾಗ ಕೆಲವು ಎಚ್ಚರಿಕೆ ಬೇಕು. ಕಾಯಿಲೆ ಜೋರಾಗಿರುವಾಗ ಕೊಲೆಸ್ಟರಾಲ್ ಕಡಿಮೆ ಕಾಣಿಸುತ್ತದೆ. ಹೃದಯ ಚೆನ್ನಾಗಿದೆ ಎಂದು ಅದರ ಅರ್ಥವಲ್ಲ. ರಕ್ತಹೀನತೆಯಿದ್ದರೆ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು, ಖಾಲಿಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆಯನ್ನೂ ನೋಡಿಸಬೇಕು. ಬೊಜ್ಜಿರುವ ಹೆಂಗಸರಲ್ಲಿ ಕೀಲು ಶಾಂತವಾಗಿದ್ದರೂ ಸಿಆರ್‌ಪಿ ಸ್ವಲ್ಪ ಮೇಲೇ ಇರುತ್ತದೆ.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ನಾಲ್ಕೇ ಸಾಲು ಸಾಕು: ಬೆಳಗಿನ ಬಿಗಿತ ಎಷ್ಟು ನಿಮಿಷ, ನೋವು ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು ಗಂಟೆ, ಎಷ್ಟು ನಡೆದಿರಿ. ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಸೊಂಟ.

ಹೆಜ್ಜೆ 3: ಹೊಗೆ ಬಿಡಿ, ಒಸಡು ನೋಡಿಸಿ

ಊಟದ ಬಗ್ಗೆ ಎಷ್ಟು ಚರ್ಚೆಯಿದ್ದರೂ ಧೂಮಪಾನದ ಬಗ್ಗೆ ಚರ್ಚೆಯೇ ಇಲ್ಲ. ಆ್ಯಂಟಿ-ಸಿಸಿಪಿ ಪಾಸಿಟಿವ್ ಇರುವ ರುಮಟಾಯ್ಡ್ ಸಂಧಿವಾತಕ್ಕೆ ಹೊರಗಿನ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಬೀಡಿ-ಸಿಗರೇಟಿನ ಹೊಗೆ. ಹೊಗೆ ತಾಗಿದ ಶ್ವಾಸಕೋಶದಲ್ಲಿ ಕೆಲವು ಪ್ರೋಟೀನುಗಳ ರೂಪ ಬದಲಾಗುತ್ತದೆ. ಕೆಲವು ವಂಶವಾಹಿ ಇರುವವರ ರೋಗನಿರೋಧಕ ವ್ಯವಸ್ಥೆ ಅಂಥ ಪ್ರೋಟೀನನ್ನು ಪರಕೀಯ ಎಂದು ಗುರುತಿಸಿ ಯುದ್ಧಕ್ಕೆ ಇಳಿಯುತ್ತದೆ. ಈ ಸರಪಳಿಯನ್ನು ಸ್ವೀಡನ್ನಿನ ವಿಜ್ಞಾನಿ ಲಾರ್ಸ್ ಕ್ಲಾರೆಸ್ಕೋಗ್ ಅವರ ತಂಡ 2006ರಲ್ಲಿ ವಿವರಿಸಿತು. ಕಾಯಿಲೆ ಬಂದ ಮೇಲೂ ಸೇದುತ್ತಿದ್ದರೆ ಮೆಥೊಟ್ರೆಕ್ಸೇಟ್ ಸರಿಯಾಗಿ ಹಿಡಿಯುವುದಿಲ್ಲ. ಕಲ್ಲು ಕ್ವಾರಿ, ಕಲ್ಲು ಕೆತ್ತನೆಯಲ್ಲಿ ಏಳುವ ಸಿಲಿಕಾ ದೂಳೂ ಇದೇ ಬಗೆಯ ಅಪಾಯ ತರುತ್ತದೆ; ಅಲ್ಲಿ ದುಡಿಯುವವರು ಕೆಲಸದ ವಿಷಯವನ್ನು ಡಾಕ್ಟರಿಗೆ ತಪ್ಪದೇ ಹೇಳಬೇಕು. ತಂಬಾಕು ಬಿಡಲು 1800-11-2356 ಉಚಿತ ಸಹಾಯವಾಣಿಯಿದೆ.

ಒಸಡಿನ ಕಾಯಿಲೆಗೂ ಈ ಸಂಧಿವಾತಕ್ಕೂ ನಂಟಿದೆ ಎಂಬ ಮಾತು ವಿಚಿತ್ರವೆನಿಸಬಹುದು. ಒಸಡಿನಲ್ಲಿ ಬೆಳೆಯುವ ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾಕ್ಕೂ ಪ್ರೋಟೀನಿನ ರೂಪ ಬದಲಿಸುವ ಅದೇ ಶಕ್ತಿಯಿದೆ. ಕಡ್ಡಿಪುಡಿ, ಗುಟ್ಕಾ, ಹೊಗೆಸೊಪ್ಪು ಹಾಕುವವರ ಒಸಡು ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ಈ ಹನ್ನೆರಡು ವಾರಗಳಲ್ಲಿ ಒಮ್ಮೆ ಹಲ್ಲಿನ ಡಾಕ್ಟರನ್ನು ಕಂಡು ಕ್ಲೀನಿಂಗ್ ಮಾಡಿಸಿಕೊಳ್ಳಿ.

ಹೆಜ್ಜೆ 4: ತಟ್ಟೆ

ಅಮೆರಿಕದ ರುಮಟಾಲಜಿ ಕಾಲೇಜು 2022ರಲ್ಲಿ ರೂಪಿಸಿದ ಮಾರ್ಗಸೂಚಿ ಹೆಸರು ಹಿಡಿದು ಒಪ್ಪಿದ ಆಹಾರಕ್ರಮ ಒಂದೇ: ಮೆಡಿಟರೇನಿಯನ್ ಶೈಲಿಯ ಊಟ. ಅದೂ ಷರತ್ತಿನ ಸಲಹೆ, ಗಟ್ಟಿ ಆಜ್ಞೆಯಲ್ಲ. ಕೀಟೊ, ಪೇಲಿಯೊ, ಗ್ಲುಟೆನ್ ರಹಿತ ಎಂಬ ಉಳಿದ ಹೆಸರುಗಳನ್ನು ರುಮಟಾಯ್ಡ್ ರೋಗಿಗಳಿಗೆ ಅದು ಶಿಫಾರಸು ಮಾಡಲಿಲ್ಲ. ಮೆಡಿಟರೇನಿಯನ್ ಎಂದಾಕ್ಷಣ ಆಲಿವ್ ಎಣ್ಣೆ ಹುಡುಕಿಕೊಂಡು ಹೋಗಬೇಕಿಲ್ಲ. ಹೆಚ್ಚು ತರಕಾರಿ-ಸೊಪ್ಪು, ಬೇಳೆಕಾಳು, ತವುಡು ತೆಗೆಯದ ಧಾನ್ಯ, ಕಾಯಿಬೀಜ, ಮೀನು. ಕಡಿಮೆ ಕೆಂಪು ಮಾಂಸ, ಮೈದಾ, ಸಕ್ಕರೆ. ಇದರ ಬಹುಪಾಲು ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿತ್ತು.

ಮಂಡ್ಯದ ಕಡೆಯವರಿಗೆ ರಾಗಿಮುದ್ದೆ, ಸೊಪ್ಪು-ಕಾಳಿನ ಬಸ್ಸಾರು, ಅದೇ ಕಾಳಿನ ಪಲ್ಯ. ಕಲಬುರಗಿ, ವಿಜಯಪುರದವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳಿನ ಪಲ್ಯ, ಅಗಸಿ ಚಟ್ನಿ, ಹಸಿ ಸವತೆಕಾಯಿ. ಕರಾವಳಿಯವರಿಗೆ ಕುಚ್ಚಲಕ್ಕಿ ಅನ್ನ, ಬಸಳೆ, ಬಂಗುಡೆ ಇಲ್ಲವೇ ಬೂತಾಯಿ ಮೀನಿನ ಸಾರು. ಊಟ ಇವೇ ಇರಲಿ, ಅಳತೆ ಬದಲಾಗಲಿ. ತಟ್ಟೆಯ ಅರ್ಧ ಭಾಗ ತರಕಾರಿ-ಸೊಪ್ಪು, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮುದ್ದೆ, ರೊಟ್ಟಿ ಅಥವಾ ಅನ್ನ. ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು: ಮುಕ್ಕಾಲು ತಟ್ಟೆ ಅನ್ನ, ಬದಿಗೆ ಒಂದು ಚಮಚ ಪಲ್ಯ. ಮುದ್ದೆ ಒಳ್ಳೆಯದೆಂದು ಎರಡು ಮುದ್ದೆ ಉಂಡರೆ ಸಕ್ಕರೆ ಏರದೆ ಇರುವುದಿಲ್ಲ.

ಪ್ರೋಟೀನ್ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಉರಿಯೂತದಿಂದ ಕರಗುವ ಸ್ನಾಯುವನ್ನು ಉಳಿಸಿಕೊಳ್ಳಲು ಕಿಲೋ ತೂಕಕ್ಕೆ ಸುಮಾರು ಒಂದು ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಡಾಕ್ಟರನ್ನು ಕೇಳಿಕೊಳ್ಳಲಿ. ಅರವತ್ತು ಕಿಲೋ ತೂಕದ ಹೆಂಗಸಿಗೆ ಅರವತ್ತು ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಮೀನಿನಲ್ಲಿ 20 ಗ್ರಾಂ ಆಸುಪಾಸು, ನೂರು ಗ್ರಾಂ ಒಣ ಹುರುಳಿಯಲ್ಲಿ 20 ಗ್ರಾಂ ದಾಟುತ್ತದೆ. ತಿಳಿಸಾರಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎನ್ನುವವರ ಕಷ್ಟ ನಿಜವೇ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ, ಶುಂಠಿ-ಬೆಳ್ಳುಳ್ಳಿ ಹಾಕಿ ಮೆತ್ತಗೆ ಬೇಯಿಸಿ, ಅರ್ಧ ಸೌಟಿನಿಂದ ಶುರುಮಾಡಿ. ಹೊಟ್ಟೆಯ ಉಬ್ಬರ ಬೇರೆ, ಕೀಲಿನ ಉರಿಯೂತ ಬೇರೆ. ಕಾಳಿನ ನಾರು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರ. ಅವು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಪದಾರ್ಥ ಮಾಡುತ್ತವೆ, ಅದು ರೋಗನಿರೋಧಕ ವ್ಯವಸ್ಥೆಯನ್ನು ಹದ್ದುಬಸ್ತಿನಲ್ಲಿಡುವ ಕಣಗಳಿಗೆ ಬಲ ಕೊಡುತ್ತದೆ. ಪಥ್ಯದ ಹೆಸರಿನಲ್ಲಿ ಕಾಳು ಬಿಟ್ಟವರು ಈ ಲಾಭವನ್ನೂ ಕಳೆದುಕೊಳ್ಳುತ್ತಾರೆ.

ಬೆಳಗಿನ ತಿಂಡಿಯೇ ನಮ್ಮ ದುರ್ಬಲ ಜಾಗ. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಸೆಟ್ ದೋಸೆ ಎಲ್ಲವೂ ಪಿಷ್ಟವೇ. ಹೆಸರುಕಾಳಿನ ದೋಸೆ, ಮೊಳಕೆಕಾಳಿನ ಉಸಲಿ, ಅರ್ಧಕ್ಕರ್ಧ ತರಕಾರಿ ಹಾಕಿದ ಉಪ್ಪಿಟ್ಟಿನ ಜೊತೆ ಒಂದು ಮೊಟ್ಟೆ ಅಥವಾ ಒಂದು ಬಟ್ಟಲು ಮೊಸರು ಇರಲಿ. ಮೊಸರು ಕೀಲಿಗೆ ಕೆಡುಕು ಎನ್ನಲು ಆಧಾರವಿಲ್ಲ, ಸ್ಟಿರಾಯ್ಡ್ ತಗೊಳ್ಳುವವರ ಮೂಳೆಗೆ ಅದರ ಸುಣ್ಣದಂಶ ಬೇಕು. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಎಂದರೆ ನಲವತ್ತು ಗ್ರಾಂ ಹತ್ತಿರ. ಇಪ್ಪತ್ತೈದು ಗ್ರಾಮಿನೊಳಗೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಲ್ಲಕ್ಕೂ ಇದೇ ಲೆಕ್ಕ. ಎಣ್ಣೆ ನಾಲ್ವರ ಮನೆಗೆ ತಿಂಗಳಿಗೆ ಎರಡೂವರೆ ಲೀಟರಿನ ಆಸುಪಾಸು ಸಾಕು. ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚ, ಅದರಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದೂ ಸೇರಿತು.

ಬೂತಾಯಿ, ಬಂಗುಡೆಯಂಥ ಕೊಬ್ಬಿನ ಮೀನಿನಲ್ಲಿ ಒಮೇಗಾ-3 ಇದೆ. ವಾರಕ್ಕೆ ಎರಡು ಸಲ, ಎಣ್ಣೆಯಲ್ಲಿ ಕರಿಯದೆ ತಿನ್ನಿ. ನೋವು ಕಡಿಮೆಯಾಗಿದ್ದು ಕಂಡ ಪ್ರಯೋಗಗಳಲ್ಲಿ ದಿನಕ್ಕೆ ಸುಮಾರು ಮೂರು ಗ್ರಾಂ ಒಮೇಗಾ-3ಯನ್ನು ಮೂರು ತಿಂಗಳು ಕೊಟ್ಟಿದ್ದರು. ಅಷ್ಟು ಮೀನಿನಿಂದಲೇ ಸಿಗದು. ಕ್ಯಾಪ್ಸೂಲ್ ಬೇಕೇ ಎಂದು ಡಾಕ್ಟರನ್ನು ಕೇಳಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಂತೂ ಕೇಳದೆ ಶುರುಮಾಡಬಾರದು. ಸಸ್ಯಾಹಾರಿಗಳಿಗೆ ಅಗಸೆ ಒಳ್ಳೆಯದು, ಹುರಿದು ಪುಡಿ ಮಾಡಿದರೆ ಮಾತ್ರ ಮೈಗೆ ಹತ್ತುತ್ತದೆ. ಆದರೆ ಅಗಸೆಯ ಒಮೇಗಾ-3ಯಲ್ಲಿ ಸ್ವಲ್ಪವೇ ಮೀನಿನಲ್ಲಿರುವ ಬಗೆಗೆ ತಿರುಗುತ್ತದೆ.

ಆಲೂಗಡ್ಡೆ, ಟೊಮೆಟೊ, ಬದನೆ, ಹುಣಸೆಹುಳಿ ಕೀಲು ಕೆಡಿಸುತ್ತವೆ ಎಂದು ಯಾವ ಒಳ್ಳೆಯ ಪ್ರಯೋಗವೂ ತೋರಿಸಿಲ್ಲ. ಆದರೂ ಒಂದು ಪದಾರ್ಥ ತಿಂದರೆ ತನಗೆ ನೋವು ಏರುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಮಾತನ್ನು ತಳ್ಳಿಹಾಕುವುದು ಬೇಡ, ಪರೀಕ್ಷಿಸಿ ನೋಡಲಿ. ಒಂದೇ ಒಂದು ಪದಾರ್ಥವನ್ನು ಮೂರು ವಾರ ಬಿಡಿ, ನೋಟ್‌ಬುಕ್ ಬರೆಯಿರಿ. ನಾಲ್ಕನೇ ವಾರ ಮತ್ತೆ ತಿಂದು ನೋಡಿ. ನೋವು ಮರಳಿದರೆ ಇನ್ನೊಮ್ಮೆ ಹೀಗೇ ಮಾಡಿ ಖಚಿತಪಡಿಸಿಕೊಳ್ಳಿ. ಆರೇಳು ಪದಾರ್ಥ ಒಟ್ಟಿಗೆ ಬಿಟ್ಟರೆ ಯಾವುದು ಕಾರಣವೆಂದು ಗೊತ್ತಾಗುವುದೇ ಇಲ್ಲ, ಭಯವೊಂದೇ ಉಳಿಯುತ್ತದೆ.

ಹೆಜ್ಜೆ 5: ಉಪವಾಸ ಮಾಡಬಹುದೇ?

ನಾರ್ವೆಯಲ್ಲಿ ನಡೆದು 1991ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿತು. 27 ರೋಗಿಗಳನ್ನು ಏಳರಿಂದ ಹತ್ತು ದಿನ ತರಕಾರಿ ರಸ, ಗಿಡಮೂಲಿಕೆ ಚಹಾದಂಥ ದ್ರವಗಳ ಮೇಲಿಟ್ಟು, ನಂತರ ವರ್ಷದುದ್ದಕ್ಕೂ ಸಸ್ಯಾಹಾರ ಕೊಟ್ಟರು. ಎಂದಿನ ಊಟ ಮಾಡಿದ 26 ಮಂದಿಗಿಂತ ಇವರ ನೋವು, ಬಿಗಿತ ಚೆನ್ನಾಗಿ ಇಳಿದವು. ಬರೀ ಉಪವಾಸ ಮುಗಿಸಿ ಹಳೆಯ ಊಟಕ್ಕೆ ಮರಳಿದರೆ ನೋವೂ ಮರಳುತ್ತದೆ ಎಂಬುದು ಅದಕ್ಕೂ ಮೊದಲೇ ತಿಳಿದಿತ್ತು. ಹಾಗಾಗಿ ಉಪವಾಸಕ್ಕಿಂತ ಅದರ ನಂತರದ ಊಟವೇ ಹೆಚ್ಚು ಮುಖ್ಯ ಎಂದು ನನಗನ್ನಿಸುತ್ತದೆ.

ಅಷ್ಟು ಕಠಿಣ ಉಪವಾಸವನ್ನು ಮನೆಯಲ್ಲಿ ತಾವಾಗಿಯೇ ಮಾಡಬಾರದು. ಸ್ಟಿರಾಯ್ಡ್, ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅಪಾಯ. ರಾತ್ರಿಯ ಊಟ ಎಂಟರೊಳಗೆ ಮುಗಿಸಿ ಬೆಳಿಗ್ಗೆ ಎಂಟರವರೆಗೆ ಏನೂ ತಿನ್ನದೆ ಇರುವುದು ಹೆಚ್ಚಿನವರಿಗೆ ಸುಲಭ. ಸಕ್ಕರೆ ಕಾಯಿಲೆಯ ಔಷಧಿ ಇದ್ದರೆ ಇದಕ್ಕೂ ಡಾಕ್ಟರ ಒಪ್ಪಿಗೆ ಬೇಕು. ಏಕಾದಶಿಯೆಂದು ಸಾಬುದಾನಿ ಕಿಚಡಿ, ಅವಲಕ್ಕಿ, ಹಾಲು-ಸಕ್ಕರೆ ತಿಂದರೆ ಅಂದಿನ ಪಿಷ್ಟ ಎಂದಿನದಕ್ಕಿಂತ ಹೆಚ್ಚೇ ಆಗುತ್ತದೆ. ಹಣ್ಣು, ನೆನೆಸಿದ ಶೇಂಗಾ, ಮಜ್ಜಿಗೆಯಲ್ಲಿ ವ್ರತ ನಡೆಯಲಿ. ರಂಜಾನ್ ಉಪವಾಸ ಮಾಡುವವರು ತಿಂಗಳ ಮೊದಲೇ ಡಾಕ್ಟರನ್ನು ಕಂಡು ಮಾತ್ರೆಯ ಹೊತ್ತು ಬದಲಿಸಿಕೊಳ್ಳಲಿ.

ಹೆಜ್ಜೆ 6: ನೋವಿದ್ದರೂ ಮೈ ಆಡಲಿ

ಒಂದು ಕಾಲದಲ್ಲಿ ಈ ರೋಗಿಗಳಿಗೆ ಮಲಗಿ ವಿಶ್ರಾಂತಿ ತೆಗೆದುಕೊಳ್ಳಿ ಎನ್ನುತ್ತಿದ್ದರು. ಈಗಿನ ಮಾರ್ಗಸೂಚಿಗಳು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುವ ಮಾತೇ ವ್ಯಾಯಾಮ. ದಿನಕ್ಕೆ ಮೂರು ಊಟದ ನಂತರವೂ ಹತ್ತು-ಹದಿನೈದು ನಿಮಿಷ ನಡೆಯುವುದರಿಂದ ಶುರುಮಾಡಿ. ಊಟದ ನಂತರ ಏರುವ ಸಕ್ಕರೆಗೆ ಇದರಷ್ಟು ಅಗ್ಗದ ಮದ್ದಿಲ್ಲ. ಹನ್ನೆರಡನೇ ವಾರದ ಹೊತ್ತಿಗೆ ವಾರಕ್ಕೆ 150 ನಿಮಿಷ ತಲುಪಲಿ. ವಾರಕ್ಕೆರಡು ದಿನ ಸ್ನಾಯುಬಲದ ವ್ಯಾಯಾಮ ಬೇಕು: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ರಬ್ಬರ್ ಬ್ಯಾಂಡ್ ಎಳೆಯುವುದು. ಕೀಲು ಕೆಂಪಾಗಿ ಬಿಸಿಯಾಗಿ ಊದಿರುವ ದಿನ ಭಾರ ಬೇಡ, ಬೆಚ್ಚಗಿನ ನೀರಿನಲ್ಲಿ ಕೈ ಮುಳುಗಿಸಿ ಬೆರಳನ್ನು ಮೆಲ್ಲಗೆ ಮಡಚಿ ಬಿಡಿಸಿ. ಮಾಡಿದ ಮರುದಿನವೂ ನೋವು ಹೆಚ್ಚೇ ಇದ್ದರೆ ಪ್ರಮಾಣ ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ.

ಯೋಗದ ಬಗ್ಗೆ ನಮ್ಮ ದೇಶದ್ದೇ ಪುರಾವೆಯಿದೆ. ದೆಹಲಿಯ ಏಮ್ಸ್‌ನಲ್ಲಿ 72 ರುಮಟಾಯ್ಡ್ ರೋಗಿಗಳ ಮೇಲೆ ಎಂಟು ವಾರದ ಪ್ರಯೋಗ ನಡೆಸಿ 2019ರಲ್ಲಿ ಪ್ರಕಟಿಸಿದರು. ಔಷಧಿಯ ಜೊತೆ ಯೋಗ ಮಾಡಿದವರಲ್ಲಿ ಕಾಯಿಲೆಯ ತೀವ್ರತೆಯೂ ಖಿನ್ನತೆಯೂ ಇಳಿದಿದ್ದವು. ಊದಿದ ಮಂಡಿಗೆ ವಜ್ರಾಸನ, ಊದಿದ ಮಣಿಕಟ್ಟಿಗೆ ಅಧೋಮುಖ ಶ್ವಾನಾಸನ ಬೇಡವೆಂದು ತಿಳಿದ ಗುರುಗಳ ಹತ್ತಿರ ಕಲಿಯಿರಿ.

ಮನೆಯವರಿಗೊಂದು ಮಾತು. ಬಟ್ಟೆ ಹಿಂಡುವುದು, ತುಂಬಿದ ಕೊಡ ಎತ್ತುವುದು, ಕುಕ್ಕರ್ ಮುಚ್ಚಳ ತಿರುಗಿಸುವುದು ಇವೆಲ್ಲ ಮಣಿಕಟ್ಟನ್ನು ಹಾಳುಮಾಡುವ ಕೆಲಸಗಳು. ಮನೆಕೆಲಸವೇ ಸಾಕಷ್ಟು ವ್ಯಾಯಾಮ ಎನ್ನುವವರು ಆ ಕೆಲಸವನ್ನು ಹಂಚಿಕೊಂಡು, ರೋಗಿಗೆ ಅರ್ಧ ಗಂಟೆ ನಡೆಯಲು ಬಿಡುವು ಮಾಡಿಕೊಡಲಿ.

ಹೆಜ್ಜೆ 7: ನಿದ್ದೆ, ಮನಸ್ಸು, ಬಿಸಿಲು

ನಿದ್ದೆಗೆಟ್ಟ ಮರುದಿನ ನೋವು ಹೆಚ್ಚುವುದನ್ನು ರೋಗಿಗಳೇ ಹೇಳುತ್ತಾರೆ. ಏಳು ಗಂಟೆ ನಿದ್ದೆ, ಮಲಗುವ-ಏಳುವ ಹೊತ್ತು ಒಂದೇ, ಸಂಜೆಯ ನಂತರ ಕಾಫಿ ಇಲ್ಲ. ಜೋರು ಗೊರಕೆ, ಹಗಲಿನ ತೂಕಡಿಕೆ ಇದ್ದರೆ ಸ್ಲೀಪ್ ಆ್ಯಪ್ನಿಯಾ ಪರೀಕ್ಷೆ ಮಾಡಿಸಿ. ತೀವ್ರ ಮಾನಸಿಕ ಆಘಾತಕ್ಕೆ ಸಂಬಂಧಿಸಿದ ಕಾಯಿಲೆಗಳಿರುವ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಸ್ವೀಡನ್ನಿನ 2018ರ ಅಧ್ಯಯನದಲ್ಲಿ ಅವರಿಗೆ ಆಟೋಇಮ್ಯೂನ್ ಕಾಯಿಲೆ ಬರುವ ಸಾಧ್ಯತೆ ಹೆಚ್ಚಾಗಿ ಕಂಡಿತು. ಹಾಗೆಂದು ನಿನ್ನ ಟೆನ್ಷನ್‌ನಿಂದಲೇ ನಿನಗೆ ಹೀಗಾಯಿತು ಎಂದು ರೋಗಿಯನ್ನು ದೂರುವುದು ಕ್ರೌರ್ಯ. ಮಾತಾಡಲು ಯಾರೂ ಇಲ್ಲವೆನಿಸಿದರೆ ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.

ವಿಟಮಿನ್ ಡಿ ಬಗ್ಗೆ 2022ರಲ್ಲಿ ಪ್ರಕಟವಾದ ಅಮೆರಿಕದ ವೈಟಲ್ ಪ್ರಯೋಗ ಮಹತ್ವದ್ದು. 25,871 ಜನ, ಐದು ವರ್ಷಕ್ಕೂ ಮೀರಿ, ದಿನಕ್ಕೆ 2000 ಯೂನಿಟ್. ಹೊಸದಾಗಿ ಆಟೋಇಮ್ಯೂನ್ ಕಾಯಿಲೆ ಬರುವುದು ಶೇಕಡ 22ರಷ್ಟು ಕಡಿಮೆಯಾಯಿತು. ಇದು ಕಾಯಿಲೆ ಬಾರದಂತೆ ತಡೆಯುವ ಲೆಕ್ಕ, ಬಂದಿದ್ದನ್ನು ವಾಸಿಮಾಡುವ ಲೆಕ್ಕವಲ್ಲ. ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ಹೇಳಿದಷ್ಟು ವಾರ ತೆಗೆದುಕೊಳ್ಳಿ. ನಮ್ಮಲ್ಲಿ 60,000 ಯೂನಿಟ್ಟಿನ ಸ್ಯಾಶೆಯನ್ನು ವಾರವಾರ ವರ್ಷಗಟ್ಟಲೆ ನುಂಗುವವರಿದ್ದಾರೆ. ರಕ್ತದ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ವಿಟಮಿನ್ ಡಿಗೆಂದು ಬಿಸಿಲು ಕಾಯುವವರಿಗೂ ಒಂದು ಮಾತು: ಲೂಪಸ್ ಎಂಬ ಆಟೋಇಮ್ಯೂನ್ ಕಾಯಿಲೆ ಇರುವವರಿಗೆ ಬಿಸಿಲೇ ಕಾಯಿಲೆ ಕೆರಳಿಸುವುದರಿಂದ ಅದು ಅವರಿಗೆ ಸಲ್ಲದು.

ಹೆಜ್ಜೆ 8: ಒಳ್ಳೆಯದೆಂದು ಮಾಡುವ ಕೆಡುಕು

ಇಮ್ಯೂನಿಟಿ ಹೆಚ್ಚಿಸುತ್ತದೆ ಎಂದು ಮಾರುವ ಯಾವುದನ್ನೂ ಆಟೋಇಮ್ಯೂನ್ ರೋಗಿ ಕಣ್ಣುಮುಚ್ಚಿ ತೆಗೆದುಕೊಳ್ಳಬಾರದು. ಇಲ್ಲಿ ತೊಂದರೆಯಿರುವುದೇ ದಾರಿತಪ್ಪಿ ಕೆಲಸ ಮಾಡುವ ರೋಗನಿರೋಧಕ ವ್ಯವಸ್ಥೆಯಲ್ಲಿ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಅಮೃತಬಳ್ಳಿ ಕಷಾಯ ಕುದಿಯಿತು. 2021ರಲ್ಲಿ ಮುಂಬೈ ವೈದ್ಯರು, ನಂತರ ದೇಶದ ಹಲವು ಆಸ್ಪತ್ರೆಗಳ ವೈದ್ಯರು, ಅದನ್ನು ಸೇವಿಸಿದ ಕೆಲವರಲ್ಲಿ ಆಟೋಇಮ್ಯೂನ್ ಬಗೆಯ ಯಕೃತ್ತಿನ ಉರಿಯೂತವನ್ನು ದಾಖಲಿಸಿದರು. ಆಯುಷ್ ಸಚಿವಾಲಯ ಈ ತೀರ್ಮಾನವನ್ನು ಒಪ್ಪಲಿಲ್ಲ. ಯಕೃತ್ತಿಗೆ ಹೊರೆಯಾಗುವ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಅಮೃತಬಳ್ಳಿಯಿಂದ ದೂರವಿರುವುದೇ ಕ್ಷೇಮ ಎಂಬುದು ನನ್ನ ಖಚಿತ ಅಭಿಪ್ರಾಯ. ಅರಿಶಿನ ಸಾರಿನಲ್ಲಿ ಇರಲಿ, ಸಾಂದ್ರ ಕ್ಯಾಪ್ಸೂಲ್ ಬೇಡ. ಮದ್ಯ ಬೇಡ. ಕಾಯಿಸದ ಹಸಿ ಹಾಲು ಬೇಡ.

ಲೇಬಲ್ ಇಲ್ಲದ ಪೊಟ್ಟಣದ ಪುಡಿ ನುಂಗಿದ ಎರಡೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಇರಬಹುದೆಂದು ಸಂಶಯಪಡಿ. ಮುಖ ಉಬ್ಬಿದರೆ, ಸಕ್ಕರೆ ಏರಿದರೆ ಸಂಶಯ ಬಲವಾಗಲಿ. ಅದನ್ನೂ ತಟ್ಟನೆ ನಿಲ್ಲಿಸುವುದು ಅಪಾಯ, ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಬೇರೆ ಆಟೋಇಮ್ಯೂನ್ ಕಾಯಿಲೆಯವರಿಗೆ

ಮೇಲಿನ ತಟ್ಟೆ, ನಡಿಗೆ, ನಿದ್ದೆಯ ಮಾತು ಸೋರಿಯಾಸಿಸ್‌ಗೂ ಹೊಂದುತ್ತದೆ. ತೂಕ ಇಳಿದರೆ ಚರ್ಮವೂ ಸುಧಾರಿಸುವುದು ಅಲ್ಲಿ ಚೆನ್ನಾಗಿ ಸಾಬೀತಾಗಿದೆ. ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯಲ್ಲಿ ಮಾತ್ರ ಊಟವೇ ಔಷಧಿ. ಗೋಧಿ, ರವೆ, ಮೈದಾ, ಬಾರ್ಲಿ ಜೀವನಪೂರ್ತಿ ಬಿಡಬೇಕು. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ, ಪೊಟ್ಟಣ ಓದಿ ಕೊಳ್ಳಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ಫಲಿತಾಂಶ ತಪ್ಪು ಬರುತ್ತದೆ, ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಹಾಶಿಮೊಟೊ ಥೈರಾಯ್ಡ್ ಇರುವವರು ಮಾತ್ರೆಯನ್ನು ಖಾಲಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಕಾಫಿಗೆ ಅರ್ಧ-ಒಂದು ಗಂಟೆ ಕಾಯಲಿ; ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ. ಟೈಪ್-1 ಮಧುಮೇಹದಲ್ಲಿ ಯಾವ ಊಟವೂ ಇನ್ಸುಲಿನ್‌ಗೆ ಬದಲಿಯಲ್ಲ.

ಹನ್ನೆರಡನೇ ವಾರ

ಮೊದಲ ವಾರದ ಪರೀಕ್ಷೆಗಳನ್ನೇ ಮತ್ತೆ ಮಾಡಿಸಿ ನೋಟ್‌ಬುಕ್ ಸಮೇತ ರುಮಟಾಲಜಿಸ್ಟ್ ಮುಂದಿಡಿ. ಬಿಗಿತದ ನಿಮಿಷಗಳು ಇಳಿದಿವೆಯೇ, ಸೊಂಟ ಎರಡು ಸೆಂ.ಮೀ. ಆದರೂ ಕುಗ್ಗಿದೆಯೇ, ಸಕ್ಕರೆ ಕೆಳಗೆ ಬಂದಿದೆಯೇ ಎಂದು ಒಟ್ಟಿಗೆ ನೋಡಿ. ಊಟ-ನಡಿಗೆ ಸರಿಯಿದ್ದೂ ಕೀಲು ಊದಿಯೇ ಇದ್ದರೆ ಔಷಧಿ ಬದಲಿಸಬೇಕು ಎಂದರ್ಥ, ರೋಗಿಯ ಪಥ್ಯ ಸಾಲದು ಎಂದಲ್ಲ. ಎಲ್ಲವೂ ಚೆನ್ನಾಗಿದ್ದರೆ ಮಾತ್ರೆ ಕಡಿಮೆ ಮಾಡುವ ಆಸೆ ಸಹಜ. ಕಾಯಿಲೆ ಪೂರ್ತಿ ಹತೋಟಿಗೆ ಬಂದು ಕನಿಷ್ಠ ಆರು ತಿಂಗಳು ಹಾಗೇ ಉಳಿದ ಮೇಲೆ ಆ ಪ್ರಶ್ನೆ ಕೇಳಬಹುದು. ಆಗಲೂ ಡಾಕ್ಟರು ಸಾಮಾನ್ಯವಾಗಿ ಮೊದಲು ಸ್ಟಿರಾಯ್ಡ್ ಇಳಿಸುತ್ತಾರೆ, ಉಳಿದವನ್ನು ಒಂದೊಂದಾಗಿ, ಪ್ರತಿ ಸಲವೂ ರಕ್ತಪರೀಕ್ಷೆ ನೋಡಿಕೊಂಡು.